ಓಟ ಮುಗಿದ ಮೇಲಿನ ಸುತ್ತು

ಜಯನಗರದ ಕಿತ್ತೂರು ರಾಣಿ ಚೆನ್ನಮ್ಮ ಕ್ರೀಡಾಂಗಣದಲ್ಲಿ ಬೆಳಗ್ಗೆ ಎಲ್ಲರ ಕಣ್ಣೂ ಬಿರುಸಿನ ಓಟಗಾರರ ಮೇಲೆ. ನನಗೆ ಇಷ್ಟ, ಓಟ ಮುಗಿದ ಮೇಲೆ ಅವರು ಹಾಕುವ ಸಾವಕಾಶದ ಸುತ್ತು. ಜೋರಾಗಿ ಓಡಿ ತಟ್ಟನೆ ನಿಂತರೆ ರಕ್ತ ಕಾಲಲ್ಲೇ ತಂಗಿ ತಲೆ ಸುತ್ತಬಹುದು. ನಡೆಯುತ್ತಿದ್ದರೆ ಮೀನಖಂಡ ಅದನ್ನು ಹಿಂಡಿ ಎದೆಯತ್ತ ತಳ್ಳುತ್ತದೆ. ರಕ್ತದಲ್ಲಿ ಏರಿದ ಲ್ಯಾಕ್ಟೇಟ್ ಕೂಡ ಸುಮ್ಮನೆ ಕೂತರೆ ಇಳಿಯುವುದಕ್ಕಿಂತ ಹಗುರ ಓಟದಲ್ಲಿ ಬೇಗ ಇಳಿಯುತ್ತದೆ. ಅದೇನು ಕಸವಲ್ಲ: ಹೃದಯವೂ ಸ್ನಾಯುಗಳೂ ಅದನ್ನೇ ಉರುವಲಾಗಿ ಬಳಸುತ್ತವೆ, ಒಂದಷ್ಟನ್ನು ಯಕೃತ್ತು ಮತ್ತೆ ಗ್ಲೂಕೋಸ್ ಮಾಡುತ್ತದೆ. ಎಂಥ ಅಚ್ಚುಕಟ್ಟು ಸಂಸಾರ! ಮರುದಿನದ ಮೈಕೈ ನೋವಿಗೆ ಮಾತ್ರ ಈ ಸುತ್ತು ಅಂಥ ಮದ್ದಲ್ಲ. ಆ ನೋವಿಗೆ ಲ್ಯಾಕ್ಟೇಟ್ ಕಾರಣವೂ ಅಲ್ಲ (ಪಾಪ, ವೃಥಾ ಬೈಸಿಕೊಂಡಿತು). ಕಾಫಿಗೆ ಹೊರಡುವ ಮುಂಚೆ ಹತ್ತು ನಿಮಿಷ ನಡೆಯಿರಿ.