ಸರ್ಕಾರವನ್ನು ಹುಡುಕಿ ಹೊರಟ ಪ್ರವಾಸಿ

ಪ್ರವಾಸ ಕಥನ ಬರೆಯುವವರಲ್ಲಿ ಎರಡು ಬಗೆ. ಕಂಡದ್ದನ್ನು ನಮಗೆ ಒಪ್ಪಿಸುವವರು ಕೆಲವರು. ಕಂಡದ್ದರಿಂದ ತಾವೇ ಅಷ್ಟಿಷ್ಟು ಬದಲಾಗುವವರು ಕೆಲವರು. ಜಾನ್ ಲಾಯ್ಡ್ ಸ್ಟೀಫನ್ಸ್ ಎಂಬ ಅಮೆರಿಕನ್ ವಕೀಲನು ತನ್ನ ಮಧ್ಯ ಅಮೆರಿಕದ ಪ್ರವಾಸವನ್ನು ಕುರಿತು 1841ರಲ್ಲಿ ಪ್ರಕಟಿಸಿದ ಎರಡು ಸಂಪುಟಗಳ ಗ್ರಂಥವನ್ನು ಈಚೆಗೆ ಮತ್ತೊಮ್ಮೆ ಓದಿದಾಗ, ಇವನನ್ನು ಯಾವ ಗುಂಪಿಗೆ ಸೇರಿಸಬೇಕೆಂಬುದೇ ನನಗೆ ಸಮಸ್ಯೆಯಾಯಿತು.

ಅವನ ಸಂದರ್ಭವೇ ವಿಚಿತ್ರವಾದುದು. ಅಧ್ಯಕ್ಷ ವಾನ್ ಬ್ಯೂರೆನನು 1839ರಲ್ಲಿ ಅವನನ್ನು ಮಧ್ಯ ಅಮೆರಿಕದ ಒಕ್ಕೂಟಕ್ಕೆ ರಾಜಪ್ರತಿನಿಧಿಯಾಗಿ ಕಳುಹಿಸಿದನು. ಆದರೆ ಆ ವೇಳೆಗೆ ಒಕ್ಕೂಟವೇ ಒಡೆದು ಹೋಗುತ್ತಿತ್ತು. ಕರೇರ ಒಂದು ಕಡೆ, ಮೊರಾಜಾನ್ ಇನ್ನೊಂದು ಕಡೆ; ನಡುವೆ ಯುದ್ಧ. ಅಧಿಕಾರಪತ್ರವನ್ನು ಕೈಯಲ್ಲಿ ಹಿಡಿದು, ಸರ್ಕಾರವೆಲ್ಲಿದೆಯೆಂದು ಹೇಸರಗತ್ತೆಯ ಮೇಲೆ ಊರೂರು ಹುಡುಕುವ ರಾಯಭಾರಿ! ಯಾವ ಪ್ರಹಸನಕಾರನಿಗೂ ಇದಕ್ಕಿಂತ ಒಳ್ಳೆಯ ವಸ್ತು ದೊರಕಲಾರದು.

ಕಾಮೊಟಾನ್ ಎಂಬ ಹಳ್ಳಿಯಲ್ಲಿ ರಾತ್ರಿ ಸೈನಿಕರು ಬಂದು, ಅವನ ರಹದಾರಿಯನ್ನು ಒಪ್ಪದೆ ಕೂಡಿಹಾಕುತ್ತಾರೆ. ಅವನು ಸೇನಾಧಿಪತಿಗೆ ಒಂದು ಕಾಗದ ಬರೆಸಿ, ಮುದ್ರೆಯಿಲ್ಲದ ಕಾರಣ ಹೊಸ ಅರ್ಧ ಡಾಲರ್ ನಾಣ್ಯವನ್ನೇ ಗುಟ್ಟಾಗಿ ಅರಗಿನ ಮೇಲೆ ಒತ್ತುತ್ತಾನೆ. ಮೂಡಿದ ಹದ್ದನ್ನು ಎಲ್ಲರೂ ಬೆರಗಾಗಿ ನೋಡುತ್ತಾರೆ. ಅದೇ ರಾತ್ರಿ ಬಿಡುಗಡೆಯೂ ಆಗುತ್ತದೆ. ಅಧಿಕಾರವೆಂಬುದು ಎಷ್ಟರಮಟ್ಟಿಗೆ ನೋಡುವವರ ನಂಬಿಕೆ ಎಂಬುದನ್ನು ಇಷ್ಟು ಲಘುವಾಗಿ ತೋರಿಸಿದವರು ಅಪರೂಪ. ನಗರಗಳನ್ನು ನೋಡುವ ಕಣ್ಣೂ ಹರಿತವಾದುದೇ. 1773ರ ಭೂಕಂಪದಲ್ಲಿ ಹಾಳಾಗಿ ರಾಜಧಾನಿಯ ಪಟ್ಟ ಕಳೆದುಕೊಂಡ ಆಂಟಿಗುವ, ಕೋಸ್ಟರೀಕದಲ್ಲಿ ಬೆಳೆಯುತ್ತಿದ್ದ ಸಾನ್ ಹೋಸೆ, ಇವೆರಡರ ಅಂತರವನ್ನು ಅವನು ಚೆನ್ನಾಗಿ ಗುರುತಿಸುತ್ತಾನೆ.

ಹಿಂದೆ ನಾನು ಈ ಗ್ರಂಥವನ್ನು ತರಗತಿಯಲ್ಲಿ ವಿನೋದದ ಮಾದರಿಯೆಂದು ಹೊಗಳಿದ್ದೆ. ಹೊಂಡುರಾಸಿನ ಕಾಡಿನಲ್ಲಿ ಹುದುಗಿದ್ದ ಕೋಪಾನ್ ನಗರವನ್ನು ಸ್ಟೀಫನ್ಸ್ 50 ಡಾಲರಿಗೆ ಕೊಂಡದ್ದನ್ನೂ, ಅಷ್ಟು ಕೊಟ್ಟ ತನ್ನನ್ನು ಮಾರಿದವನು ಮೂರ್ಖನೆಂದು ಬಗೆದನೆಂದು ನಕ್ಕದ್ದನ್ನೂ ಹೇಳಿದಾಗ, ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಮಾರಿದವನು ನಿಜವಾಗಿ ಏನೆಂದುಕೊಂಡ ಸಾರ್?” ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಗ್ರಂಥದಲ್ಲಿಯೂ ಇಲ್ಲ. ಅಲ್ಲಿರುವುದು ಕೊಂಡವನ ಮಾತು ಮಾತ್ರ. ಆ ಶಿಲೆಗಳನ್ನು ನ್ಯೂಯಾರ್ಕಿಗೆ ಸಾಗಿಸುವ ಆಸೆಯೂ ಅವನಿಗಿತ್ತು. ಬಾಗಿಲು ತೆರೆಸಿದ ನಾಣ್ಯವೇ ನಗರವನ್ನೂ ಕೊಂಡಿತೆಂಬುದು ನನಗೆ ಹೊಳೆದದ್ದು ಆಮೇಲೆ.

ಆದರೂ ಅವನನ್ನು ತಳ್ಳಿಹಾಕಲು ನನ್ನಿಂದಾಗದು. ಜೊತೆಗಾರ ಚಿತ್ರಕಾರ ಕ್ಯಾದರ್ವುಡ್, ಕೆಸರಿನಲ್ಲಿ ನಿಂತು ಬರೆದ ಚಿತ್ರಗಳು ಮೊದಲು ಸೋತವು. ಕಲಿತ ಗೆರೆಗೆ ಆ ಶಿಲ್ಪ ಒಗ್ಗಲಿಲ್ಲ. ಸ್ಟೀಫನ್ಸ್ ಇದನ್ನು ಮುಚ್ಚಿಡುವುದಿಲ್ಲ. ಇಂಥ ನಗರಗಳನ್ನು ಈಜಿಪ್ಟಿನವರೋ ಮತ್ತಾರೋ ಕಟ್ಟಿರಬೇಕೆಂದು ಹಲವರು ಊಹಿಸುತ್ತಿದ್ದ ಕಾಲದಲ್ಲಿ, ಕಟ್ಟಿದವರು ಅಲ್ಲಿಯ ಜನರ ಪೂರ್ವಿಕರೇ ಎಂಬ ತೀರ್ಮಾನಕ್ಕೆ ಅವನು ಬಂದನು. ಕೊಳ್ಳಲು ಬಂದವನು ಕೊನೆಗೆ ಒಡೆತನ ಯಾರದೆಂದು ತಾನೇ ಸಾಕ್ಷಿ ನುಡಿದಂತಾಯಿತು. ಅಷ್ಟರಮಟ್ಟಿಗೆ ಅವನು ಎರಡನೆಯ ಗುಂಪಿನವನು.

ಅವನು ಹುಡುಕಿದ ಒಕ್ಕೂಟ ಮತ್ತೆ ಕೂಡಿಬರಲಿಲ್ಲ. ಗ್ವಾಟೆಮಾಲ, ಎಲ್ ಸಾಲ್ವಡಾರ್, ಹೊಂಡುರಾಸ್, ನಿಕರಾಗುವ ದೇಶಗಳು ತಮ್ಮ ಪ್ರಜೆಗಳ ಓಡಾಟವನ್ನು ಸುಗಮಗೊಳಿಸುವ ಒಪ್ಪಂದಕ್ಕೆ ಬಂದದ್ದು 2006ರಲ್ಲಿ. ಗ್ರಂಥವನ್ನು ಓದಬೇಕೆನ್ನುವವರು ಅವಶ್ಯವಾಗಿ ಓದಲಿ. ಆದರೆ ನಗು ಬಂದ ಕಡೆಯಲ್ಲೆಲ್ಲ ಆ ಹುಡುಗನ ಪ್ರಶ್ನೆಯನ್ನೂ ಒಮ್ಮೆ ಕೇಳಿಕೊಳ್ಳಲಿ.