ಸತ್ಯವನ್ನು ಪ್ರಶ್ನಿಸಿದವರು, ಸಂಶಯವನ್ನು ಮಾರಿದವರು



ಕಾಲೇಜಿಗೆ ಹೋಗುವ ನಮ್ಮ ಮಕ್ಕಳ ಬಾಯಲ್ಲಿ "ಅದು ನಿಮ್ಮ ಸತ್ಯ, ಇದು ನನ್ನ ಸತ್ಯ" ಎಂಬ ಮಾತು ಆಗಾಗ ಕೇಳಿಬರುತ್ತದೆ. 2017ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷರ ಸಲಹೆಗಾರ್ತಿ ಕೆಲಿಯಾನ್ ಕಾನ್ವೇ, ಪ್ರಮಾಣವಚನ ಸಮಾರಂಭಕ್ಕೆ ಸೇರಿದ್ದ ಜನರ ಬಗೆಗಿನ ತಪ್ಪು ಹೇಳಿಕೆಯನ್ನು 'ಪರ್ಯಾಯ ಸಂಗತಿ' ಎಂದು ಸಮರ್ಥಿಸಿಕೊಂಡರು. ಇದಕ್ಕೆಲ್ಲ ಫ್ರಾನ್ಸಿನ ಆಧುನಿಕೋತ್ತರ ಚಿಂತಕರೇ ಕಾರಣವೆಂದು ಹಲವರು ದೂರುತ್ತಾರೆ. ಈ ದೂರು ಎಷ್ಟು ನಿಜವೆಂದು ನಾವು ಇಲ್ಲಿ ಪರೀಕ್ಷಿಸೋಣ.

ಆ ಚಿಂತಕರು ಹೇಳಿದ್ದಾದರೂ ಏನು? ಮಿಶೆಲ್ ಫೂಕೋ 1963ರಲ್ಲಿ, ವೈದ್ಯನು ರೋಗಿಯನ್ನು ನೋಡುವ ದೃಷ್ಟಿಯೂ ಒಂದು ಕಾಲದ, ಒಂದು ವ್ಯವಸ್ಥೆಯ ಸೃಷ್ಟಿಯೆಂದು ತೋರಿಸಿದರು. ಲ್ಯೋತಾರ್ 1979ರಲ್ಲಿ, ಪ್ರಗತಿ, ವಿಮೋಚನೆ ಮುಂತಾದ ಮಹಾಕಥನಗಳಲ್ಲಿ ನಂಬಿಕೆ ಕುಸಿದಿದೆ ಎಂದರು. ಅದೇ ವರ್ಷ ಬ್ರೂನೋ ಲತೂರ್, ಸ್ಟೀವ್ ವೂಲ್ಗರ್ ಅವರೊಡನೆ ಸೇರಿ, ಪ್ರಯೋಗಾಲಯದಲ್ಲಿ ವೈಜ್ಞಾನಿಕ ಸಂಗತಿಗಳು ಹೇಗೆ ರೂಪುಗೊಳ್ಳುತ್ತವೆ ಎಂದು ವಿವರಿಸಿದರು. ವೈದ್ಯವೃತ್ತಿಯಲ್ಲಿರುವ ನಮಗೆ ಈ ಮಾತುಗಳಲ್ಲಿ ಹುರುಳು ಕಾಣುತ್ತದೆ. ಅಮೆರಿಕದ ಮನೋವೈದ್ಯರ ಸಂಘವು 1973ರವರೆಗೂ ಸಲಿಂಗಪ್ರೇಮವನ್ನು ಕಾಯಿಲೆಗಳ ಪಟ್ಟಿಯಲ್ಲಿಟ್ಟಿತ್ತು. ತಜ್ಞರ 'ಸತ್ಯ'ವನ್ನು ಜನ ಪ್ರಶ್ನಿಸಿದ್ದರಿಂದ ಆ ಪಟ್ಟಿ ತಿದ್ದುಪಡಿಯಾಯಿತು.

ಇನ್ನು ಸಂಶಯದ ವ್ಯಾಪಾರಕ್ಕೆ ತತ್ತ್ವಜ್ಞಾನಿಗಳ ಅಪ್ಪಣೆಯೇನೂ ಬೇಕಿರಲಿಲ್ಲ. ಸಿಗರೇಟಿನಿಂದ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆಂದು ಅಮೆರಿಕದ ಸರ್ಜನ್ ಜನರಲ್ ವರದಿ 1964ರಲ್ಲಿ ಸಾರಿತು. 1969ರಲ್ಲಿ ಬ್ರೌನ್ ಅಂಡ್ ವಿಲಿಯಮ್ಸನ್ ಸಿಗರೇಟು ಕಂಪನಿಯ ಆಂತರಿಕ ಟಿಪ್ಪಣಿಯೊಂದು, ಸಂಶಯವೇ ತಮ್ಮ ಸರಕು ಎಂದು ಒಪ್ಪಿಕೊಂಡಿತ್ತು. ಲ್ಯೋತಾರರ ಪುಸ್ತಕ ಬರಲು ಆಗಿನ್ನೂ ಹತ್ತು ವರ್ಷವಿತ್ತು!

ಆದರೆ ನ್ಯಾಯವಾದ ಶಂಕೆಯೂ ದಾರಿ ತಪ್ಪಬಹುದು. ದಕ್ಷಿಣ ಆಫ್ರಿಕದ ಅಧ್ಯಕ್ಷರಾಗಿದ್ದ ಥಾಬೊ ಎಂಬೆಕಿ, ಏಡ್ಸ್ ರೋಗಕ್ಕೆ ಎಚ್‌ಐವಿ ಕಾರಣವೆಂಬುದನ್ನು ಶಂಕಿಸಿ, ಅದನ್ನು ಅಲ್ಲಗಳೆಯುವವರಿಗೂ 2000ದಲ್ಲಿ ತಮ್ಮ ಸಲಹಾ ಮಂಡಳಿಯಲ್ಲಿ ಸ್ಥಾನ ಕೊಟ್ಟರು. ಪಾಶ್ಚಾತ್ಯರ ಅನುಭವವನ್ನು ಆಫ್ರಿಕದ ಮೇಲೆ ಹೇರಬಾರದೆಂಬುದು ಅವರ ವಾದ. ವರ್ಣಭೇದದಿಂದ ನೊಂದ ನಾಡಿಗೆ ಆ ಶಂಕೆ ಸಹಜವೇ. ಆದರೆ ಸರ್ಕಾರಿ ಆಸ್ಪತ್ರೆಗಳಿಗೆ ಔಷಧಿ ತಡವಾಯಿತು. 2000ದಿಂದ 2005ರೊಳಗೆ ಇದರಿಂದ 3,30,000ಕ್ಕೂ ಹೆಚ್ಚು ಜೀವಗಳು ನಷ್ಟವಾದವೆಂದು ಹಾರ್ವರ್ಡ್ ಸಂಶೋಧಕರು 2008ರಲ್ಲಿ ಅಂದಾಜು ಮಾಡಿದರು. ವೈರಸ್ಸು ಯಾರ ದೃಷ್ಟಿಕೋನವನ್ನೂ ಕೇಳಲಿಲ್ಲ.

ಈ ಅಪಾಯ ಲತೂರರಿಗೇ ಅರಿವಾಯಿತು. ಭೂಮಿ ಬಿಸಿಯಾಗುತ್ತಿರುವುದು ಇನ್ನೂ ಖಚಿತವಿಲ್ಲವೆಂದು ರಾಜಕಾರಣಿಗಳು ಹಬ್ಬಿಸುವುದನ್ನು ಕಂಡು, ತಾವು ಹರಿತಗೊಳಿಸಿದ ಆಯುಧ ಈಗ ಯಾರ ಕೈಯಲ್ಲಿದೆ ಎಂಬ ಆತಂಕವನ್ನು ಅವರು 2004ರ ಪ್ರಬಂಧವೊಂದರಲ್ಲಿ ತೋಡಿಕೊಂಡರು. ಸಂಗತಿಗಳಿಂದ ದೂರ ಹೋಗುವುದಲ್ಲ, ಅವುಗಳಿಗೆ ಇನ್ನೂ ಹತ್ತಿರವಾಗುವುದೇ ತಮ್ಮ ಉದ್ದೇಶವಾಗಿತ್ತು ಎಂದರು. 2022ರಲ್ಲಿ ತೀರಿಕೊಂಡ ಈ ಚಿಂತಕರ ಅತ್ಯಂತ ಪ್ರಾಮಾಣಿಕ ಬರಹ ಇದೆಂದು ನಮ್ಮ ಅಭಿಪ್ರಾಯ.

ಆದ್ದರಿಂದ ನಮ್ಮ ತೀರ್ಪು ಇಷ್ಟು: ಆಧುನಿಕೋತ್ತರ ಚಿಂತಕರು ರಾಜಕೀಯಕ್ಕೆ ಸುಳ್ಳನ್ನು ಕಲಿಸಲಿಲ್ಲ, ಅದು ಮೊದಲೇ ಕಲಿತಿತ್ತು. ಅವರ ಕೊರತೆ ಬೇರೆ. ಒಂದು ಮಾತನ್ನು ಬಿಚ್ಚಿ ನೋಡುವುದನ್ನು ಅವರು ಚೆನ್ನಾಗಿ ಕಲಿಸಿದರು. ಎರಡು ಮಾತುಗಳಲ್ಲಿ ಯಾವುದು ಹೆಚ್ಚು ನಂಬಲರ್ಹ ಎಂದು ತೂಗುವುದನ್ನು ಅಷ್ಟಾಗಿ ಕಲಿಸಲಿಲ್ಲ. ರೋಗನಿರ್ಣಯ ತಪ್ಪಾಗಬಹುದು, ನಿಜ. ಹಾಗೆಂದು ಜ್ವರವೇ ಇಲ್ಲವೆಂದರೆ ರೋಗಿ ಉಳಿಯುವುದಿಲ್ಲ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಶಂಕಿಸು ಎಂದಷ್ಟೇ ಅಲ್ಲ, ಪ್ರಮಾಣಿಸು ಎಂದೂ ಅದರಲ್ಲಿದೆ. "ನನ್ನ ಸತ್ಯ" ಎನ್ನುವ ಮಕ್ಕಳನ್ನು ಗದರಿಸದೆ, "ಪ್ರಮಾಣ ಏನಪ್ಪಾ?" ಎಂದು ಕೇಳೋಣ. ಅದೇ ಪ್ರಶ್ನೆಯನ್ನು ಅವರು ನಮಗೆ ಕೇಳಿದಾಗ ಸಿಟ್ಟಾಗದಿರೋಣ.