18 ವಿಭಕ್ತಿಗಳೆಂಬ ಗುಮ್ಮ

ಇಂಗ್ಲಿಷ್ ಮಾತಾಡುವವರು ಹಂಗೇರಿಯನ್ ಕಲಿಯಲು ಹೊರಟರೆ ಅವರ ಕಿವಿಗೆ ಮೊದಲು ಬೀಳುವ ಮಾತು, ಅದರಲ್ಲಿ 18 ವಿಭಕ್ತಿಗಳಿವೆ ಎಂಬುದು. ಅಮೆರಿಕದ ವಿದೇಶಾಂಗ ಸೇವಾ ಸಂಸ್ಥೆ ತನ್ನ ರಾಜತಾಂತ್ರಿಕರಿಗೆ ಈ ಭಾಷೆ ಕಲಿಸಲು 44 ವಾರ, 1100 ಗಂಟೆಗಳ ಪಾಠ ಬೇಕೆಂದು ಲೆಕ್ಕ ಹಾಕಿರುವುದನ್ನು ಆ ಮಾತಿಗೆ ಪುರಾವೆಯಾಗಿ ಒದಗಿಸುವುದೂ ಉಂಟು. ಆದರೆ ಅದೇ ಲೆಕ್ಕದಲ್ಲಿ ರಷ್ಯನ್, ಟರ್ಕಿಷ್, ತಮಿಳು ಕೂಡ ಇವೆ. ರಷ್ಯನ್ನಿನಲ್ಲಿ ಸಾಮಾನ್ಯವಾಗಿ ಎಣಿಸುವುದು ಆರೇ ವಿಭಕ್ತಿ. ಎಣಿಕೆಯಿಂದ ಕಷ್ಟವನ್ನು ಅಳೆಯುವುದಾದರೆ ಇವೆರಡೂ ಒಂದೇ ಸಾಲಿನಲ್ಲಿ ಕೂರಬಾರದಿತ್ತು. ವಿಭಕ್ತಿಯ ಪಟ್ಟಿಗೆ ಸಲ್ಲದ ಖ್ಯಾತಿ ಸಂದಿದೆ, ಕಲಿಯುವವರು ನಿಜವಾಗಿ ಎಡವುವ ಜಾಗ ಕಡೆಗಣನೆಗೆ ಒಳಗಾಗಿದೆ ಎಂಬುದು ನನ್ನ ತಕರಾರು.

ಪಟ್ಟಿಯ ಅರ್ಧ ಭಾಗ ಹೀಗಿದೆ. ಹಾಝ್ ಎಂದರೆ ಮನೆ. ಹಾಝ್‌ಬನ್ ಮನೆಯೊಳಗೆ, ಹಾಝ್‌ಬೋಲ್ ಮನೆಯೊಳಗಿಂದ, ಹಾಝ್‌ಬ ಮನೆಯೊಳಕ್ಕೆ. ‘ಮೇಲೆ’ ಎಂಬ ಅರ್ಥಕ್ಕೆ ಇಂಥವೇ ಮೂರು, ‘ಹತ್ತಿರ’ ಎಂಬ ಅರ್ಥಕ್ಕೆ ಇನ್ನು ಮೂರು. ಒಟ್ಟು ಒಂಬತ್ತು ಪ್ರತ್ಯಯಗಳು ಮೂರು ಸಾಲಿನ ಒಂದು ಚೌಕದಲ್ಲಿ ಮುಗಿದುಹೋಗುತ್ತವೆ. ನಾಮಪದಕ್ಕೆ ಲಿಂಗವಿಲ್ಲ, ಅದರ ಹಿಂದಿರುವ ಗುಣವಾಚಕ ಬದಲಾಗುವುದಿಲ್ಲ. ಪ್ರತ್ಯಯದ ಸ್ವರ ಪದದ ಸ್ವರಕ್ಕೆ ಹೊಂದಿಕೊಳ್ಳುತ್ತದೆ, ತೋಟ ಎಂಬರ್ಥದ ಕೆರ್ತ್ ಎಂಬುದಕ್ಕೆ ಬನ್ ಬದಲು ಬೆನ್ ಹತ್ತಿ ಕೆರ್ತ್‌ಬೆನ್ ಆಗುವಂತೆ. ಮನೆಯಲ್ಲಿ, ಮನೆಯಿಂದ, ಮನೆಗೆ ಎಂದು ದಿನವೂ ಆಡುವ ಕನ್ನಡಿಗರಿಗೆ ಇದರಲ್ಲಿ ಬೆಚ್ಚುವಂಥದ್ದೇನೂ ಕಾಣದು. ಬೆಚ್ಚಿಸುವುದು ಪ್ರತಿಯೊಂದು ಪ್ರತ್ಯಯಕ್ಕೂ ಲ್ಯಾಟಿನ್ ಹೆಸರಿಟ್ಟು ಉದ್ದಕ್ಕೆ ಜೋಡಿಸಿದ ಪಟ್ಟಿ. ಒಂದು ನುಡಿಯ ವ್ಯಾಕರಣದ ಅಚ್ಚಿನಲ್ಲಿ ಇನ್ನೊಂದನ್ನು ಹೊಯ್ದರೆ ಏನಾಗುತ್ತದೆಂಬುದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರನ್ನು ಓದಿದವರಿಗೆ ಗೊತ್ತೇ ಇದೆ.

ಇಲ್ಲಿ ಭಾಷಾವಿಜ್ಞಾನಿಗಳ ಜಗಳವೊಂದನ್ನು ಮುಟ್ಟದೆ ಮುಂದೆ ಹೋಗಲಾಗದು. ವಿಭಕ್ತಿ 18ಕ್ಕಿಂತ ಹೆಚ್ಚೋ ಕಡಿಮೆಯೋ ಎಂದು ಹಲವರು ಕಾದಾಡುತ್ತಿದ್ದರೆ, ಆಂಡ್ರ್ಯೂ ಸ್ಪೆನ್ಸರ್ 2008ರ ಲೇಖನವೊಂದರಲ್ಲಿ ಹಂಗೇರಿಯನ್ನಿಗೆ ವಿಭಕ್ತಿ ವ್ಯವಸ್ಥೆ ಇದೆಯೇ ಎಂದೇ ಕೇಳಿ, ಇಲ್ಲವೆಂಬ ಕಡೆಗೆ ವಾದಿಸಿದರು. ಇದನ್ನು ಒಪ್ಪದವರು ‘ಈ ಮನೆಯಲ್ಲಿ’ ಎಂಬರ್ಥದ ಎಬ್ಬೆನ್ ಅ ಹಾಝ್‌ಬನ್ ಎಂಬುದನ್ನು ಮುಂದಿಡಬಹುದು: ಪ್ರತ್ಯಯ ‘ಈ’ ಎಂಬುದಕ್ಕೂ ‘ಮನೆ’ಗೂ ಎರಡು ಸಲ ಹತ್ತಿದೆ, ಇದು ವಿಭಕ್ತಿಯ ಹೊಂದಾಣಿಕೆಯಲ್ಲದೆ ಇನ್ನೇನು? ಆದರೆ ‘ಆ ಮನೆಯ ಕೆಳಗೆ’ ಎನ್ನಲು ಅಝ್ ಅಲತ್ತ್ ಅ ಹಾಝ್ ಅಲತ್ತ್ ಎನ್ನಬೇಕು. ‘ಕೆಳಗೆ’ ಎಂಬರ್ಥದ ಅಲತ್ತ್ ಬಿಡಿಪದ, ಯಾರ ಪಟ್ಟಿಯಲ್ಲೂ ವಿಭಕ್ತಿಯಲ್ಲ. ಅದೂ ಎರಡು ಸಲ ಬಂದಿದೆ. ಹಾಗಾದರೆ ಎರಡು ಸಲ ಬರುವುದರಿಂದ ವಿಭಕ್ತಿ ಸಾಬೀತಾಗದು. ಕಲಿಯುವವರ ಮಟ್ಟಿಗಂತೂ ನಾನು ಸ್ಪೆನ್ಸರ್ ಪಕ್ಷ.

ನಿಜವಾದ ತೊಡಕು ಕ್ರಿಯಾಪದದಲ್ಲಿದೆ. ‘ಒಂದು ಮನೆ ನೋಡುತ್ತೇನೆ’ ಎನ್ನಲು ಲಾತೊಕ್ ಬೇಕು, ‘ಆ ಮನೆಯನ್ನು ನೋಡುತ್ತೇನೆ’ ಎನ್ನಲು ಲಾತೊಮ್. ಕನ್ನಡದಲ್ಲಿ ‘ಮನೆ ನೋಡಿದೆ’, ‘ಮನೆಯನ್ನು ನೋಡಿದೆ’ ಎಂದು ನಾಮಪದದ ಮೇಲೆ ಕಾಣುವ ಭೇದಕ್ಕೆ ಹತ್ತಿರದ್ದೊಂದು ಅಲ್ಲಿ ಕ್ರಿಯಾಪದದ ಕೊನೆಯಲ್ಲಿ ಕಾಣುತ್ತದೆ. ಇಂಗ್ಲಿಷ್ ಪಾಠಗಳಲ್ಲಿ ಇದಕ್ಕೆ ಸಾಮಾನ್ಯವಾಗಿ ಸಿಗುವ ಸೂತ್ರ: ಕರ್ಮ ನಿಶ್ಚಿತವಾದರೆ ಎರಡನೆಯ ರೂಪ. ಈ ಸೂತ್ರ ಬಹಳ ದೂರ ಬಾಳುವುದಿಲ್ಲ. ‘ಅವನು ನನ್ನನ್ನು ನೋಡುತ್ತಾನೆ’ ಎಂಬಲ್ಲಿ ‘ನಾನು’ ಎಂಬುದಕ್ಕಿಂತ ನಿಶ್ಚಿತವಾದ ಕರ್ಮ ಯಾವುದಿದೆ? ಆದರೂ ಅಲ್ಲಿ ಬರುವುದು ಮೊದಲ ರೂಪವಾದ ಲಾತ್. ‘ಅವಳನ್ನು ನೋಡುತ್ತಾನೆ’ ಎಂದೊಡನೆ ಲಾತ್ಯ. ಎದುರಿಗೆ ಕೂತವರನ್ನು ಸಲಿಗೆಯಿಂದ ‘ನಿನ್ನನ್ನು ನೋಡುತ್ತೇನೆ’ ಎನ್ನಲು ಲಾತ್‌ಲಕ್ ಎಂಬ ಬೇರೆಯೇ ರೂಪವಿದೆ. ಅವರನ್ನೇ ಗೌರವದಿಂದ ‘ತಮ್ಮನ್ನು’ ಎಂದರೆ ಮತ್ತೆ ಲಾತೊಮ್. ಕೂತ ವ್ಯಕ್ತಿ ಬದಲಾಗಿಲ್ಲ, ನಿಶ್ಚಿತತೆ ಕೂದಲೆಳೆಯಷ್ಟೂ ಕಡಿಮೆಯಾಗಿಲ್ಲ. ಬದಲಾದದ್ದು ವ್ಯಾಕರಣದ ಪುರುಷ, ಯಾಕೆಂದರೆ ಆ ಗೌರವದ ಸರ್ವನಾಮ ಪ್ರಥಮ ಪುರುಷದಂತೆ ನಡೆಯುತ್ತದೆ. ‘ಎಲ್ಲ ಮನೆ’ ಎಂಬರ್ಥದ ಮಿಂದೆನ್ ಬಂದರೆ ಲಾತೊಕ್, ‘ಒಂದೊಂದು ಮನೆಯನ್ನೂ’ ಎಂಬರ್ಥದ ಮಿಂದೆದ್ಯಿಕ್ ಬಂದರೆ ಲಾತೊಮ್, ಮನೆಗಳು ಅವೇ. ‘ಮಳೆ ಬರುತ್ತಿರುವುದು ನನಗೆ ಕಾಣುತ್ತಿದೆ’ ಎಂಬಂಥ ವಾಕ್ಯದಲ್ಲಿ ಕರ್ಮದ ಜಾಗದಲ್ಲಿ ಒಂದು ಪೂರ್ತಿ ಉಪವಾಕ್ಯವಿದ್ದಾಗಲೂ ಲಾತೊಮ್ಮೇ ಬೇಕು. ಹೀಗೆ ಕ್ರಿಯಾಪದ ನೋಡುವುದು ಕರ್ಮದ ಪುರುಷವನ್ನು, ಅದು ತೊಟ್ಟು ಬಂದ ಪದರೂಪವನ್ನು. ಕರ್ಮ ಕೇಳುಗರಿಗೆ ಎಷ್ಟು ಪರಿಚಿತ ಎಂಬುದರಿಂದಷ್ಟೇ ಅದು ತೀರ್ಮಾನವಾಗುವುದಿಲ್ಲ. ಸೂತ್ರವನ್ನು ಹೀಗೆ ಹೇಳಿಕೊಟ್ಟರೆ ಅಪವಾದಗಳೆಂದು ಪುಟದ ಅಡಿಗೆ ದೂಡುವ ಬಹುಪಾಲು ಸಂಗತಿಗಳು ನಿಯಮದೊಳಗೇ ಬಂದು ಕೂರುತ್ತವೆ.

ಹೊಸಬರ ಮೇಲೆ ಇಷ್ಟು ಹೊರೆ ಬೇಡ, ಪಟ್ಟಿಯಾದರೆ ಬಾಯಿಪಾಠ ಮಾಡಬಹುದು ಎನ್ನುವವರಿದ್ದಾರೆ. ಪಟ್ಟಿ ಧೈರ್ಯ ಕೊಡುತ್ತದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಮುಂದೂಡಲು ಬರುವುದು ಯಾವುದು? ‘ಆಗಿ’ ಎಂಬರ್ಥ ಕೊಡುವ ಕೇಂತ್ ಪ್ರತ್ಯಯ ಆರು ತಿಂಗಳು ಬಿಟ್ಟು ಬಂದರೂ ಯಾರ ಮಾತೂ ನಿಲ್ಲದು. ಲಾತೊಕ್‌, ಲಾತೊಮ್‌ಗಳ ಆಯ್ಕೆ ಸಕರ್ಮಕ ಕ್ರಿಯಾಪದದ ಮೊದಲ ವಾಕ್ಯದಲ್ಲೇ ಎದುರಾಗುತ್ತದೆ, ಮತ್ತು ಲಾತೊಮ್ ಎಂಬ ಒಂದೇ ಪದ ಕರ್ಮವನ್ನು ಬಾಯಿಬಿಟ್ಟು ಹೇಳದೆಯೇ ‘ಅದನ್ನು ನೋಡುತ್ತಿದ್ದೇನೆ’ ಎಂಬ ಪೂರ್ಣ ವಾಕ್ಯವಾಗುತ್ತದೆ. ‘ಅದನ್ನು’ ಎಂಬ ಪದಕ್ಕಾಗಿ ತಡಕಾಡುವ ಇಂಗ್ಲಿಷರಿಗೆ ಇದನ್ನು ಮೊದಲ ವಾರದಲ್ಲೇ, ಹಾಝ್‌ಬನ್, ಹಾಝ್‌ಬೋಲ್, ಹಾಝ್‌ಬ ಎಂಬ ಮೂರರ ಜೊತೆಗೇ ತೋರಿಸಿಕೊಡಬೇಕು.